ಹಸೆ ಹಾಡಿಗೆ ಎರಡು ಕೊಂಡಿ

ಹೊಳೆನರಸೀಪುರ
೫ ಆಗಸ್ಟ್ ೨೦೦೩

ಪ್ರೀತಿಯ ಕಾಮಾಕ್ಷಿ,

ವರಮಹಾಲಕ್ಷ್ಮಿ ಹಬ್ಬದ ಗಡಿಬಿಡಿಯಲ್ಲಿ ನೀನು ಈ ಗುರುವಾರ ಹಾಸನಕ್ಕೆ ಹೋಗುವುದಿಲ್ಲವೆಂದು ಗೊತ್ತು. ಅದಕ್ಕೇ ನನ್ನ ಸೋಮವಾರದ ಸಮಾಚಾರ ಕಾಗದದಲ್ಲಿ ಬರುತ್ತಿದೆ. ನನಗೆ ಸೋಮವಾರ, ನಿನಗೆ ಗುರುವಾರ ಎಂದು ನಮ್ಮ ಶಿಷ್ಯೆ ಹಂಸ ತನ್ನ ಕಾಲೇಜಿನಲ್ಲಿ ದಿನ ಹಂಚಿಕೊಟ್ಟಾಗಿನಿಂದ ನಾವಿಬ್ಬರೂ ಒಂದೇ ಕುರ್ಚಿಯಲ್ಲಿ ಕೂರುತ್ತೇವೆ, ಒಂದೇ ಕೀಲಿಮಣೆ ಕುಟ್ಟುತ್ತೇವೆ, ಮುಖ ಮಾತ್ರ ನೋಡುವುದಿಲ್ಲ. ಚನ್ನರಾಯಪಟ್ಟಣದ ಶಾಲೆಯಲ್ಲಿ ಪಕ್ಕಪಕ್ಕದ ತರಗತಿಯಲ್ಲಿ ಪಾಠ ಹೇಳುತ್ತಿದ್ದವರು ಈಗ ಅಂಚೆಯವನನ್ನು ನಂಬಿಕೊಂಡು ಮಾತಾಡುತ್ತಿದ್ದೇವೆ.

ಸಮಾಚಾರ ಏನೆಂದರೆ, ಯಂತ್ರದ ಹೊಟ್ಟೆ ತುಂಬುತ್ತಾ ಬಂದಿದೆಯಂತೆ. ಕಾಲೇಜಿನವರು ಮೂಲೆಗೆ ತಳ್ಳಿದ್ದ ಹಳೇ ಕಂಪ್ಯೂಟರನ್ನು ನಾವು ಊರೂರು ತಿರುಗಿ ಕೂಡಿಹಾಕಿದ ಹಾಡುಗಳಿಗೆಂದು ಹಂಸ ರಿಪೇರಿ ಮಾಡಿಸಿಕೊಟ್ಟದ್ದೇ ದೊಡ್ಡದು. ಅದರಲ್ಲಿ ಜಾಗ ಕಡಿಮೆ. ಚಿತ್ರ ತೋರಿಸಿ ಒತ್ತು ಎನ್ನುವ ವೈಭವವೂ ಇಲ್ಲ. ಕಪ್ಪು ಪರದೆ, ಮಿಣುಕುವ ಗೆರೆ, ನಾವು ಟೈಪು ಮಾಡುವ ಆಜ್ಞೆ, ಅಷ್ಟೇ. ಇಂಥದ್ದರಲ್ಲಿ ಒಂದೇ ಹಾಡನ್ನು ಎರಡು ಕಡೆ ತುಂಬಿದರೆ ಹೇಗೆ ಮೇಡಂ ಎಂದು ನಮ್ಮ ಶಿಷ್ಯೆ ನನ್ನನ್ನೇ ಗದರಿದಳು. ಒಂದು ಕಾಲಕ್ಕೆ ನಾನು ಅವಳನ್ನು ಗದರುತ್ತಿದ್ದ ಧಾಟಿಯಲ್ಲೇ.

ನಾನು ಕೇಳಿದೆ: ಕಟ್ಟಾಯದ ಮಲ್ಲಿಗಮ್ಮ ನಮಗೆ ಹಾಡಿಕೊಟ್ಟಳಲ್ಲ, ಮದುಮಗಳನ್ನು ಹಸೆಮಣೆಗೆ ಕರೆಯುವ ಹಾಡು, ಅದು ಹೊಳೆನರಸೀಪುರದ ಫೋಲ್ಡರಿನಲ್ಲೂ ಬೇಕು, ಅರಕಲಗೂಡಿನ ಫೋಲ್ಡರಿನಲ್ಲೂ ಬೇಕು, ಏನು ಮಾಡಲಿ? ಅವಳು ln -s ಎಂಬ ಆಜ್ಞೆ ಹೇಳಿಕೊಟ್ಟಳು. ಹಾಡು ಒಂದೇ ಕಡೆ ಇರುತ್ತದೆ. ಇನ್ನೊಂದು ಕಡೆ ಅದೇ ಹೆಸರಿನಲ್ಲಿ ಒಂದು ಚೀಟಿ ಇರುತ್ತದೆ, ಹಾಡು ಇಂಥಲ್ಲಿದೆ ಎಂದು ವಿಳಾಸ ಬರೆದದ್ದು. ಅದನ್ನು ಕೊಂಡಿ ಎನ್ನೋಣ. ಕೊಂಡಿಯನ್ನು ತೆರೆದರೂ ಕೇಳಿಸುವುದು ಹಾಡೇ. ಯಂತ್ರ ತಾನೇ ಆ ವಿಳಾಸಕ್ಕೆ ಓಡಿಹೋಗಿ ತರುತ್ತದೆ.

ಬರೆಯುವ ಕ್ರಮ ಮರೆಯಬೇಡ. ln -s ಆದ ಮೇಲೆ ಮೊದಲು ಹಾಡು ನಿಜವಾಗಿ ಇರುವ ಜಾಗ, ಆಮೇಲೆ ಕೊಂಡಿ ಇರಬೇಕಾದ ಜಾಗ. ನಾನು ತಿರುಗುಮುರುಗು ಬರೆದು, ಆ ಹೆಸರಿನದು ಆಗಲೇ ಇದೆ ಎಂದು ಯಂತ್ರದ ಕೈಲಿ ಬೈಸಿಕೊಂಡೆ. ls -l ಎಂದು ಹೊಡೆದರೆ ಕೊಂಡಿಯ ಮುಂದೆ ಒಂದು ಪುಟ್ಟ ಬಾಣ, ಅದರ ಮುಂದೆ ಹಾಡಿನ ವಿಳಾಸ ಕಾಣುತ್ತದೆ. ಹಾಡನ್ನು ಹೊಳೆನರಸೀಪುರದಲ್ಲಿಟ್ಟು, ನಿನ್ನ ಅರಕಲಗೂಡಿಗೆ ಕೊಂಡಿ ಹಾಕಿದ್ದೇನೆ. ಖುಷಿಗೆ ಹಂಸಳಿಗೆ ಕಾಫಿ ಕೊಡಿಸಿ ಬಂದೆ.

ನಿನ್ನ,
ಶ್ರೀರಂಗಮ್ಮ

ಅರಕಲಗೂಡು
೧೫ ಆಗಸ್ಟ್ ೨೦೦೩

ಅಕ್ಕ,

ನಿನ್ನೆ ಹಾಸನಕ್ಕೆ ಹೋಗಿದ್ದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿಂತೇ ಹೋದರೂ ನಗುನಗುತ್ತಲೇ ಕುರ್ಚಿಯಲ್ಲಿ ಕೂತೆ. ನಿಮ್ಮ ಕಾಗದ ಪಕ್ಕದಲ್ಲಿಟ್ಟುಕೊಂಡು ls -l ಹೊಡೆದೆ. ಹೊಡೆದ ಮೇಲೆ ನಗು ನಿಂತಿತು.

ಹಾಡು ನಿಮ್ಮೂರಿನಲ್ಲಿ, ನಮ್ಮೂರಿನಲ್ಲಿ ಬರೀ ಬಾಣ. ಯಾರನ್ನು ಕೇಳಿ ಹೀಗೆ ಮಾಡಿದಿರಿ? ಮಲ್ಲಿಗಮ್ಮ ಹುಟ್ಟಿದ್ದು ರಾಮನಾಥಪುರದ ಹತ್ತಿರ, ಅಂದರೆ ನಮ್ಮ ತಾಲ್ಲೂಕು. ಕೆಂಚಯ್ಯನ ಕೈ ಹಿಡಿದು ನಿಮ್ಮ ಕಡೆಗೆ ಬಂದಳು, ಈಗ ಗಂಡಹೆಂಡತಿ ಇಬ್ಬರೂ ಕಟ್ಟಾಯದಲ್ಲಿ ಮಗಳ ಮನೆಯಲ್ಲಿದ್ದಾರೆ. ಹಾಡು ಕಲಿತದ್ದು ತವರಿನಲ್ಲಿ ತಾನೆ? ಹೆಣ್ಣುಮಕ್ಕಳು ತವರಿನಿಂದ ಸೀರೆ ಪಾತ್ರೆ ತಂದ ಹಾಗೆ ಹಾಡನ್ನೂ ತರುತ್ತಾರೆ. ಪಾತ್ರೆಯ ಮೇಲೆ ತವರಿನ ಹೆಸರು ಕೆತ್ತಿಸಿರುತ್ತದೆ, ಗಂಡನ ಮನೆಯವರು ಅದನ್ನು ಉಜ್ಜಿ ಅಳಿಸುವುದಿಲ್ಲ.

ಕೊಂಡಿ ಎಂದರೆ ಚೀಟಿ ಎಂದು ನೀವೇ ಬರೆದಿದ್ದೀರಿ. ನಮ್ಮ ಹಾಡನ್ನು ಕೇಳಲು ನಮ್ಮೂರಿಗೆ ಬಂದವರಿಗೆ ಹೊಳೆನರಸೀಪುರಕ್ಕೆ ಹೋಗಿ ಎಂದು ಚೀಟಿ ಅಂಟಿಸಿದ ಹಾಗಾಯಿತು. ಹಂಸಳನ್ನು ಕೇಳಿದರೆ, ಕೇಳೋದಕ್ಕೆ ಎರಡೂ ಒಂದೇ ಮೇಡಂ ಅನ್ನುತ್ತಾಳೆ. ಅವಳಿಗೇನು, ಅವಳು ಚನ್ನರಾಯಪಟ್ಟಣದವಳು.

ನೀವು ಹಾಡುವವರಾಗಿದ್ದರೆ ಹೀಗೆ ಮಾಡುತ್ತಿರಲಿಲ್ಲ. ನೀವು ಮೈಕು ಹಿಡಿಯುವವರು, ಹಾಡು ಯಾವ ಗಂಟಲಿನಿಂದ ಬಂತೆಂಬುದು ನಿಮಗೆ ಲೆಕ್ಕಕ್ಕಿಲ್ಲ. ಸಿಟ್ಟಿನಲ್ಲಿ ಬರೆದಿದ್ದೇನೆ, ಆದರೂ ಹೊಡೆದುಹಾಕುವುದಿಲ್ಲ.

ಕಾಮಾಕ್ಷಮ್ಮ

ಹೊಳೆನರಸೀಪುರ
೨೨ ಆಗಸ್ಟ್ ೨೦೦೩

ಕಾಮಾಕ್ಷಿ,

ಹಾಡಿನಲ್ಲೇ ಉತ್ತರವಿದೆ. 'ಹೊಳೆಯ ದಾಟಿ ಬಂದ ಹೆಣ್ಣೆ, ಹೊಸಲ ದಾಟಿ ಹಸೆಗೆ ಬಾರೆ' ಎಂದು ಮಲ್ಲಿಗಮ್ಮ ಶುರುಮಾಡುತ್ತಾಳೆ. ಹೊಳೆ ಎಂದರೆ ನಮ್ಮ ಹೇಮಾವತಿ. ಅದೂ ಅಲ್ಲದೆ ಮಲ್ಲಿಗಮ್ಮ ತವರಿನಲ್ಲಿದ್ದದ್ದು ಲಂಗ ತೊಡುವ ವಯಸ್ಸಿನವರೆಗೆ. ಮದುವೆ ಮನೆಗಳಲ್ಲಿ ಕೂತು ಹಾಡಿದ್ದು, ಹಾಡಿ ಹೆಸರು ಮಾಡಿದ್ದು ಎಲ್ಲಾ ಈ ಕಡೆ. ಪಾತ್ರೆಯ ಮೇಲೆ ತವರಿನ ಹೆಸರಿದ್ದರೂ ಅಡಿಗೆ ಆಗುವುದು ಗಂಡನ ಮನೆಯ ಒಲೆಯ ಮೇಲೆ. ಆದ್ದರಿಂದ ಕೊಂಡಿ ಇದ್ದ ಹಾಗೇ ಇರಲಿ.

ಮೈಕು ಹಿಡಿಯುವವಳು ಎಂದು ಬರೆದಿದ್ದೀಯ. ಹೌದು. ಅದರ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ.

ಶ್ರೀರಂಗಮ್ಮ

ಅರಕಲಗೂಡು
೨೯ ಆಗಸ್ಟ್ ೨೦೦೩

ಹೊಳೆನರಸೀಪುರದ ನಿವೃತ್ತ ಮುಖ್ಯೋಪಾಧ್ಯಾಯಿನಿ ಶ್ರೀಮತಿ ಶ್ರೀರಂಗಮ್ಮನವರ ಸನ್ನಿಧಿಗೆ,

ಕಾವೇರಿಯೂ ಹೊಳೆಯೇ. ರಾಮನಾಥಪುರಕ್ಕೆ ಬಂದು ನೋಡಬಹುದು.

ನಿನ್ನೆ ನಾನು ಅರಕಲಗೂಡಿನ ಫೋಲ್ಡರಿನಲ್ಲಿದ್ದ ಕೊಂಡಿಯನ್ನು rm ಹೊಡೆದು ಅಳಿಸಿದೆ. ನಿಮ್ಮ ಹಾಡೂ ಜೊತೆಗೆ ಹೋಯಿತೇನೋ ಎಂದು ಕೂಡಲೇ ನಿಮ್ಮ ಫೋಲ್ಡರ್ ತೆರೆದು ನೋಡಿದೆ. ಹೋಗಲಿಲ್ಲ. ಕೊಂಡಿ ಅಳಿಸಿದರೆ ಹೋಗುವುದು ಕೊಂಡಿ ಮಾತ್ರ. ಆಮೇಲೆ ನಿಮ್ಮಲ್ಲಿಂದ ಹಾಡನ್ನು ಪೂರ್ತಿಯಾಗಿ ಕಾಪಿ ಮಾಡಿ ನಮ್ಮ ಫೋಲ್ಡರಿಗೆ ತುಂಬಿಸಿದೆ. ಈಗ ನಮ್ಮೂರಿನಲ್ಲೂ ಹಾಡೇ ಇದೆ, ಬಾಣವಿಲ್ಲ. ಯಂತ್ರದಲ್ಲಿ ಎರಡು ಕಡೆ ಭದ್ರವಾಗಿರುವಾಗ ಕ್ಯಾಸೆಟ್ಟನ್ನು ಸುಮ್ಮನೆ ಇಟ್ಟುಕೊಳ್ಳುವುದೇಕೆಂದು ಮಲ್ಲಿಗಮ್ಮನ ಹಾಡಿದ್ದ ಕ್ಯಾಸೆಟ್ಟಿನ ಮೇಲೆ ನಾಟಿ ಹಾಡು ತುಂಬಿಸಿಕೊಂಡಿದ್ದೇನೆ.

ಇಂತಿ,
ಕಾಮಾಕ್ಷಮ್ಮ

ಹಾಸನ
೨೪ ನವೆಂಬರ್ ೨೦೦೩

ಶ್ರೀರಂಗಮ್ಮ ಮೇಡಂ ಹಾಗೂ ಕಾಮಾಕ್ಷಮ್ಮ ಮೇಡಂ ಅವರಿಗೆ ಹಂಸಳ ನಮಸ್ಕಾರಗಳು.

ಒಂದೇ ಕಾಗದವನ್ನು ಇಬ್ಬರಿಗೂ ಕಳಿಸುತ್ತಿದ್ದೇನೆ. ನಾನು ಬರೆದದ್ದು ಯಾರಿಗೆ, ಜೆರಾಕ್ಸ್ ಯಾರಿಗೆ ಎಂದು ದಯವಿಟ್ಟು ಕೇಳಬೇಡಿ.

ನೀವಿಬ್ಬರೂ ಬರುತ್ತೀರಿ, ಟೈಪು ಮಾಡುತ್ತೀರಿ, ಹೋಗುತ್ತೀರಿ. ಮೊದಲಾದರೆ ಅವರು ಹೇಗಿದ್ದಾರೆ ಎಂದು ಒಬ್ಬರ ಬಗ್ಗೆ ಒಬ್ಬರು ಕೇಳುತ್ತಿದ್ದಿರಿ. ಈಗ ಕೇಳುವುದಿಲ್ಲ, ಆದರೆ ಕೂತ ತಕ್ಷಣ ಇನ್ನೊಬ್ಬರ ಫೋಲ್ಡರನ್ನು ಇಣುಕಿ ನೋಡುವುದನ್ನು ಮಾತ್ರ ನಾನು ಕಂಡಿದ್ದೇನೆ. ಅದು ನಿಮ್ಮ ವಿಷಯ. ನನ್ನ ವಿಷಯ ಏನೆಂದರೆ ಜಾಗ ಮುಗಿದಿದೆ. ಹೋದ ವಾರ ಕಾಮಾಕ್ಷಮ್ಮ ಮೇಡಂ ತುಂಬಿಸುತ್ತಿದ್ದ ಹಾಡು ಅರ್ಧಕ್ಕೇ ನಿಂತುಹೋಯಿತು. ಹಸೆ ಹಾಡು ಎರಡು ಕಡೆ ಇರುವುದರಲ್ಲಿ ಒಂದು ಹೋಗಲೇಬೇಕು.

ನಾನೇ ಅಳಿಸಬಹುದಿತ್ತು. ಆದರೆ ನನ್ನ ಬೆರಳಿನ ಗೆಣ್ಣಿಗೆ ಸ್ಕೇಲಿನಲ್ಲಿ ಹೊಡೆದು ಅಕ್ಷರ ಕಲಿಸಿದವರು ನೀವಿಬ್ಬರೂ. ಯಾರದನ್ನು ಅಳಿಸಿದರೂ ಅವರು ಮತ್ತೆ ನನ್ನ ಮುಖ ನೋಡುವುದಿಲ್ಲ. ಆದ್ದರಿಂದ ನೀವೇ ತೀರ್ಮಾನಿಸಿ, ಒಬ್ಬರು ತಮ್ಮ ಕಡೆಯ ಹಾಡನ್ನು ಅಳಿಸಿ ಇನ್ನೊಬ್ಬರ ಕಡೆಗೆ ಕೊಂಡಿ ಹಾಕಿ. ಒಂದು ಎಚ್ಚರಿಕೆ: ln -s ಬಹಳ ವಿಧೇಯ. ನೀವು ಕೊಟ್ಟ ವಿಳಾಸದಲ್ಲಿ ನಿಜವಾಗಿ ಏನಿದೆ ಎಂದು ಅದು ಹೋಗಿ ನೋಡುವುದಿಲ್ಲ, ಸುಮ್ಮನೆ ಕೊಂಡಿ ಹಾಕುತ್ತದೆ. ನೋಡುವ ಕೆಲಸ ನಿಮ್ಮದು. ಇದೊಂದು ಮುಗಿದರೆ ಎಲ್ಲಾ ಹಾಡುಗಳನ್ನೂ ಸೀಡಿಗೆ ಬರೆಸಿಬಿಡೋಣ.

ಇನ್ನೊಂದು ಮಾತು. ಕಟ್ಟಾಯದಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಹೇಳಿದಳು, ಮಲ್ಲಿಗಮ್ಮನವರ ಯಜಮಾನರು ಕೆಂಚಯ್ಯ ಈಚೆಗೆ ತೀರಿಕೊಂಡರಂತೆ.

ನಿಮ್ಮ ಶಿಷ್ಯೆ,
ಹಂಸ

ಹೊಳೆನರಸೀಪುರ
೧೦ ಡಿಸೆಂಬರ್ ೨೦೦೩

ಕಾಮಾಕ್ಷಿ,

ಸಿಟ್ಟನ್ನು ಎಷ್ಟು ದಿನವೆಂದು ಸಾಕಲಿ? ಮೊನ್ನೆ ಸೋಮವಾರ ಕೂತವಳೇ ಹೊಳೆನರಸೀಪುರದ ಫೋಲ್ಡರಿನಲ್ಲಿದ್ದ ಹಸೆ ಹಾಡನ್ನು ಅಳಿಸಿದೆ. ಆ ಜಾಗದಲ್ಲಿ ನಿನ್ನ ಕಡೆಗೆ ಕೊಂಡಿ ಹಾಕಿದೆ. ಹಂಸ ಎಚ್ಚರಿಸಿದ್ದಳಲ್ಲ, ತೆರೆದೂ ನೋಡಿದೆ, ಹಾಡು ಬಂತು. ಈಗ ಹಾಡು ನಿನ್ನೂರಿನಲ್ಲಿ, ಬಾಣ ನನ್ನೂರಿನಲ್ಲಿ.

ತವರೇ ಹೆಚ್ಚೆಂದು ನಾನು ಒಪ್ಪಿದೆ ಎಂದುಕೊಳ್ಳಬೇಡ. ಒಪ್ಪಿಲ್ಲ. ನಿನ್ನ ಕಾಗದವಿಲ್ಲದೆ ಬೇಜಾರಾಗಿತ್ತು, ಅಷ್ಟೇ. ದೀಪಾವಳಿಗೆ ನೀನು ಕಳಿಸುವ ಕಜ್ಜಾಯವೂ ಬರಲಿಲ್ಲ. ಮಲ್ಲಿಗಮ್ಮನ ಮನೆಯ ಸುದ್ದಿ ಕೇಳಿದಾಗ ಮೊದಲು ನಿನಗೆ ಹೇಳಬೇಕೆನಿಸಿತು, ಆಮೇಲೆ ನಾವು ಮಾತು ಬಿಟ್ಟಿದ್ದೇವೆಂದು ನೆನಪಾಯಿತು.

ನಿನ್ನ,
ಶ್ರೀರಂಗಮ್ಮ

ಅರಕಲಗೂಡು
೧೧ ಡಿಸೆಂಬರ್ ೨೦೦೩

ಅಕ್ಕ,

ಮೊದಲು ಸಿಹಿ ಸುದ್ದಿ. ನಮ್ಮ ನಿಸರ್ಗಳಿಗೆ ಮದುವೆ ಗೊತ್ತಾಯಿತು. ಹುಡುಗ ಚನ್ನರಾಯಪಟ್ಟಣದವನು, ತೆಂಗಿನಕಾಯಿ ಮಂಡಿ ಇದೆ. ವೈಶಾಖದಲ್ಲಿ ಮುಹೂರ್ತ. ಈ ಸುದ್ದಿಯನ್ನು ಮೊದಲು ನಿಮಗೆ ಹೇಳಲಾಗದೆ ಒದ್ದಾಡಿದೆ. ಇದಕ್ಕಿಂತ ಜಗಳ ದೊಡ್ಡದೇ ಎಂದು ನನಗೆ ನಾನೇ ಬೈದುಕೊಂಡೆ.

ಅದಕ್ಕೇ ಇವತ್ತು ಹಾಸನಕ್ಕೆ ಹೋದವಳು ಅರಕಲಗೂಡಿನ ಹಾಡನ್ನು ಅಳಿಸಿ ನಿಮ್ಮ ಕಡೆಗೆ ಕೊಂಡಿ ಹಾಕಿ ಬಂದೆ. ಹಾಡು ನಿಮ್ಮಲ್ಲೇ ಇರಲಿ, ಗಂಡನ ಮನೆಯೇ ಗೆದ್ದಿತು. ನನ್ನ ಮಗಳನ್ನೇ ಗಂಡನ ಮನೆಗೆ ಕಳಿಸುತ್ತಿರುವಾಗ ಹಾಡೇನು ಮಹಾ? ಬಸ್ಸಿಗೆ ಹೊತ್ತಾಗಿತ್ತು, ಕೊಂಡಿ ತೆರೆದು ಕೇಳಲಾಗಲಿಲ್ಲ. ಮುಂದಿನ ವಾರ ಕೇಳುತ್ತೇನೆ.

ಮೈಕಿನ ಮಾತು ನಾನು ಬರೆಯಬಾರದಿತ್ತು ಅಕ್ಕ. ನಿಮ್ಮ ಯಜಮಾನರು ರಾಯರು ತೀರಿಕೊಂಡ ಮೇಲೆ ನೀವು ಹಾಡು ನಿಲ್ಲಿಸಿದಿರೆಂದು ಗೊತ್ತಿದ್ದೂ ಬರೆದೆ. ಅದನ್ನು ಡಬ್ಬಿಗೆ ಹಾಕಿದ ಕ್ಷಣದಿಂದ ಇವತ್ತಿನವರೆಗೂ ಚುಚ್ಚುತ್ತಲೇ ಇದೆ.

ನನ್ನದೊಂದು ಆಸೆ. ನಿಸರ್ಗಳನ್ನು ಹಸೆಗೆ ಕರೆಯುವಾಗ ಮಲ್ಲಿಗಮ್ಮನ ಹಾಡನ್ನು ಸ್ಪೀಕರಿನಲ್ಲಿ ಹಾಕಿಸಬೇಕು. ನಮ್ಮ ನೆಂಟರ ಹೆಂಗಸರಲ್ಲಿ ಈಗ ಯಾರಿಗೂ ಹಸೆ ಹಾಡು ಬರುವುದಿಲ್ಲ. ಬಿಟ್ಟರೆ ವಾಲಗದವನು ಸಿನಿಮಾ ಹಾಡು ಊದಿ ಮುಗಿಸುತ್ತಾನೆ. ಹಂಸಳಿಗೆ ಹೇಳಿ ಬೇಗ ಸೀಡಿ ಬರೆಸಿ.

ನಿಮ್ಮ,
ಕಾಮಾಕ್ಷಿ

ಹೊಳೆನರಸೀಪುರ
೧೬ ಡಿಸೆಂಬರ್ ೨೦೦೩

ಕಾಮಾಕ್ಷಿ,

ನಿನ್ನ ಕಾಗದ ಓದಿ ಮೊದಲು ಕಣ್ಣಲ್ಲಿ ನೀರು ಬಂತು, ನಿಸರ್ಗಳ ಸುದ್ದಿಗೆ. ಎರಡನೇ ಪ್ಯಾರಾ ಓದಿ ತಲೆಯ ಮೇಲೆ ಕೈ ಹೊತ್ತು ಕೂತೆ. ನನ್ನ ಕಾಗದ ನಿನಗೆ ಸೇರುವಷ್ಟರಲ್ಲಿ ನೀನೂ ಅದೇ ಕೆಲಸ ಮಾಡಿ ಮುಗಿಸಿದ್ದೆ.

ನಿನ್ನೆ ಹಾಸನದಲ್ಲಿ ಹಂಸಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಕಡೆಯ ಹಸೆ ಹಾಡು ತೆರೆದೆ. ಕೊಂಡಿಯ ಮೇಲೆ ಕೊಂಡಿ ಬಹಳವಾಯಿತು ಎಂದು ಯಂತ್ರ ಇಂಗ್ಲಿಷಿನಲ್ಲಿ ಗೊಣಗಿತು. ನಿನ್ನದನ್ನು ತೆರೆದೆ, ಅದೇ ಗೊಣಗಾಟ. ನನ್ನ ಕೊಂಡಿ ಹಾಡು ಅರಕಲಗೂಡಿನಲ್ಲಿದೆ ಎನ್ನುತ್ತದೆ, ಅರಕಲಗೂಡಿಗೆ ಹೋದರೆ ನಿನ್ನ ಕೊಂಡಿ ಹೊಳೆನರಸೀಪುರದಲ್ಲಿದೆ ಎನ್ನುತ್ತದೆ. ಯಂತ್ರ ಅಲ್ಲಿಗೂ ಇಲ್ಲಿಗೂ ಓಡಾಡಿ ಸುಸ್ತಾಗಿ ಕೈಬಿಟ್ಟಿತು. ಛತ್ರದ ಬಾಗಿಲಲ್ಲಿ 'ನೀವು ಮೊದಲು ನಡೀರಿ' ಎಂದು ಉಪಚಾರ ಹೇಳುತ್ತಾ ನಿಂತು ಇಬ್ಬರೂ ಪಂಕ್ತಿ ತಪ್ಪಿಸಿಕೊಳ್ಳುತ್ತಾರಲ್ಲ, ಹಾಗಾಯಿತು ನಮ್ಮದು. ಹಂಸ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ನಾನೂ ನಕ್ಕೆ.

ಅಳಿಸಿದ್ದನ್ನು ವಾಪಸು ತರಲು ಅವಳು ಏನೇನೋ ಪ್ರಯತ್ನಪಟ್ಟಳು. ಆ ಜಾಗದ ಮೇಲೆ ಆಗಲೇ ಬೇರೆ ಹಾಡು ಬರೆದುಹೋಗಿದೆಯಂತೆ. ಕ್ಯಾಸೆಟ್ಟಿನ ಮೇಲೆ ನಾಟಿ ಹಾಡು ತುಂಬಿಸಿದ್ದೀಯ. ಅಂದರೆ ಮಲ್ಲಿಗಮ್ಮನ ಹಸೆ ಹಾಡು ಈಗ ಎಲ್ಲಿಯೂ ಇಲ್ಲ. ಕಟ್ಟಾಯಕ್ಕೆ ಹೋಗಿ ಇನ್ನೊಮ್ಮೆ ಹಾಡಿಸುವುದೊಂದೇ ದಾರಿ. ಯಾವಾಗ ಬರುತ್ತೀಯ ಹೇಳು, ಹಾಸನದ ಬಸ್ ನಿಲ್ದಾಣದಲ್ಲಿ ಕಾಯುತ್ತೇನೆ.

ನಿನ್ನ,
ಶ್ರೀರಂಗಮ್ಮ

ಅರಕಲಗೂಡು
೨೧ ಡಿಸೆಂಬರ್ ೨೦೦೩

ಅಕ್ಕ,

ನಾನು ಬರುವಂತಿಲ್ಲ. ಮದುವೆ ಗೊತ್ತಾದ ಮನೆಯವರು ಸಾವಾದ ಮನೆಯ ಹೊಸಲು ತುಳಿಯಬಾರದೆಂದು ನಮ್ಮ ಅತ್ತೆ ಚಿಕ್ಕಲಕ್ಷ್ಮಮ್ಮ ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ. ಮಾವ ಹೋದಾಗಿನಿಂದ ಅವರು ತಾವು ಯಾವ ಶುಭಕಾರ್ಯಕ್ಕೂ ಮುಂದೆ ಬರುವುದಿಲ್ಲ, ಆದರೆ ಒಳಮನೆಯಲ್ಲಿ ಕೂತೇ ಎಲ್ಲಾ ಶಾಸ್ತ್ರವನ್ನೂ ನಡೆಸುತ್ತಾರೆ. ಅವರ ಮಾತು ಮೀರಿ ಹೋಗಿ, ನಾಳೆ ನಿಸರ್ಗಳಿಗೆ ತಲೆನೋವು ಬಂದರೂ ನನ್ನ ತಲೆಗೇ ಬರುತ್ತದೆ.

ಇದಕ್ಕಿಂತ ಕಷ್ಟದ ಸಂಗತಿ ಇದೆ. ಕಟ್ಟಾಯದಲ್ಲಿ ನಮ್ಮ ದೂರದ ನೆಂಟರಿದ್ದಾರೆ, ಅವರ ಕೈಲಿ ಮಲ್ಲಿಗಮ್ಮನಿಗೆ ಹೇಳಿಕಳಿಸಿದೆ. ಇನ್ನು ಹಸೆ ಹಾಡು ಹಾಡುವುದಿಲ್ಲ ಎಂದಳಂತೆ. ಕೆಂಚಯ್ಯ ಇದ್ದಾಗ ಆ ಹಾಡು, ಈಗ ಅದು ತನ್ನ ಬಾಯಲ್ಲಿ ಬರಬಾರದಂತೆ.

ನಿಮ್ಮನ್ನು ಹೋಗಿ ಬನ್ನಿ ಎಂದು ಕೇಳಲು ನಾಲಿಗೆ ಏಳುವುದಿಲ್ಲ. ಅವಳು ಯಾಕೆ ಹಾಡುವುದಿಲ್ಲ ಎನ್ನುತ್ತಾಳೆಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಕೇಳುತ್ತಿದ್ದೇನೆ ಅಕ್ಕ. ನನ್ನ ಮಗಳನ್ನು ಆ ಹಾಡಿನಿಂದಲೇ ಹಸೆಗೆ ಕರೆಯಬೇಕು.

ನಿಮ್ಮ,
ಕಾಮಾಕ್ಷಿ

ಹೊಳೆನರಸೀಪುರ
೨೦ ಜನವರಿ ೨೦೦೪

ಕಾಮಾಕ್ಷಿ,

ಸಂಕ್ರಾಂತಿ ಕಳೆದ ಮೇಲೆ ಕಟ್ಟಾಯಕ್ಕೆ ಹೋದೆ. ಹಂಸ ತನ್ನ ಟೇಪ್ ರೆಕಾರ್ಡರ್ ಕೊಟ್ಟಿದ್ದಳು. ಅದನ್ನು ಚೀಲದಿಂದ ತೆಗೆಯುವುದೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಮಲ್ಲಿಗಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಸೊರಗಿದ್ದಾಳೆ, ಆದರೆ ಬಾಯಿ ಸೊರಗಿಲ್ಲ. ನನ್ನ ಮುಂದಕ್ಕೂ ಒಂದು ರಾಶಿ ತಳ್ಳಿದಳು. ಇಬ್ಬರೂ ಸುಲಿಯುತ್ತಾ ಕೆಂಚಯ್ಯನ ವಿಷಯ ಮಾತಾಡಿದೆವು. ನಾನು ಹಾಡಿನ ಮಾತು ಎತ್ತುವ ಮೊದಲೇ ಅವಳೇ ಎತ್ತಿದಳು.

"ನೀವ್ ಬಂದಿದ್ದು ಸಂತೋಸ ಕಣವ್ವ. ಹಸೆ ಹಾಡ್ ಮಾತ್ರ ಕೇಳ್ಬ್ಯಾಡಿ. ಕುಂಕುಮ ಅಳಿಸ್ದೋಳು ಮದುವಣಗಿತ್ತೀನ ಕರೀಬಾರ್ದು."

ಒತ್ತಾಯ ಮಾಡಲು ನಾನು ಯಾರು? ಹಾಡು ಹೇಗೆ ಕಳೆಯಿತೆಂದು ಮಾತ್ರ ಹೇಳಿದೆ. ನಾನು ನಿನಗೆ ಬಿಟ್ಟುಕೊಟ್ಟದ್ದು, ನೀನು ನನಗೆ ಬಿಟ್ಟುಕೊಟ್ಟದ್ದು, ಕೊನೆಗೆ ಎರಡು ಬಾಣ ಉಳಿದು ಹಾಡು ಹೋದದ್ದು. ಅವಳು ಮೊರ ಕೆಳಗಿಟ್ಟು ನಕ್ಕಳು ನೋಡು, ಅಪ್ಪ ಹೋದ ಮೇಲೆ ಅಮ್ಮ ನಕ್ಕದ್ದು ಇದೇ ಮೊದಲು ಎಂದು ಮಗಳು ಒಳಗಿನಿಂದ ಓಡಿಬಂದಳು. ಹಾಡು ತವರಿನದೋ ಗಂಡನ ಮನೆಯದೋ ಎಂಬ ನಮ್ಮ ಜಗಳವನ್ನೂ ಅವಳ ಮುಂದಿಟ್ಟೆ. "ತವರಲ್ಲಿ ಅರ್ಧ ಕಲ್ತೆ, ಗಂಡನ್ ಮನೇಲಿ ಅರ್ಧ ಕಲ್ತೆ. ಮಿಕ್ಕಿದ್ದು ನಾನೇ ಸೇರಿಸ್ದೆ" ಎಂದಳು. ಲೆಕ್ಕದ ಟೀಚರ್ ಆಗಿದ್ದವಳು ನಾನು, ತೆಪ್ಪಗೆ ಒಪ್ಪಿಕೊಂಡೆ.

ಆಮೇಲೆ ಇದ್ದಕ್ಕಿದ್ದಂತೆ, ಟೇಪು ಹಿಡಿದುಕೊಂಡು ಊರೂರು ಅಲೆಯುತ್ತೀರಲ್ಲ, ನಿಮಗೆ ಹಾಡಲು ಬರುವುದಿಲ್ಲವೇ ಎಂದು ಕೇಳಿದಳು. ಬರುತ್ತದೆ, ಹಾಡುವುದಿಲ್ಲ ಎಂದೆ. ಯಾಕೆ ಎಂದಳು. ಕಾಮಾಕ್ಷಿ, ಅವಳು ನನಗೆ ಹೇಳಿದ್ದನ್ನು ಬಿಟ್ಟು ಬೇರೆ ಉತ್ತರ ನನ್ನಲ್ಲಿ ಇರಲಿಲ್ಲ. ನಾನು ಬಾಯಿ ಬಿಡದಿದ್ದರೂ ಅವಳಿಗೆ ತಿಳಿಯಿತು.

"ಅಂಗಾರೆ ನಿಮ್ಗೂ ನಂಗೂ ಒಂದೇ ಕಾಯ್ಲೆ. ನೀವ್ ಮೊದ್ಲು ಹಾಡಿ, ಆಮ್ಯಾಕೆ ನಾನು ಹಾಡ್ತೀನಿ."

ಅವಳು ನನ್ನನ್ನು ಸಾಗಹಾಕಲೆಂದೇ ಹಾಗೆ ಹೇಳಿದ್ದು. ನಾನು ಹಾಡುವುದಿಲ್ಲವೆಂದು ಅವಳಿಗೆ ಗ್ಯಾರಂಟಿ ಇತ್ತು. ನನಗೆ ಸಿಟ್ಟು ಬಂತು, ಅವಳ ಮೇಲಲ್ಲ. ನಮ್ಮ ಅಗ್ರಹಾರದಲ್ಲಿ ಒಂದು ಕಾಲಕ್ಕೆ ಯಾರ ಮನೆಯಲ್ಲಿ ಮದುವೆಯಾದರೂ ಮೊದಲು ನನ್ನನ್ನು ಕರೆಯುತ್ತಿದ್ದರು. ನಮ್ಮ ಯಜಮಾನರು ಹೋದ ಮೇಲೆ ಬಂದ ಮೊದಲ ಮದುವೆಯಲ್ಲಿ ನಾನು ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದೆ. ಹೊರಗೆ ಯಾರೋ ಅಪಶ್ರುತಿಯಲ್ಲಿ ಎಳೆಯುತ್ತಿದ್ದರು. ಹಾಡಬೇಡ ಎಂದು ಯಾರೂ ಹೇಳಲಿಲ್ಲ, ಹಾಡು ಎಂದೂ ಹೇಳಲಿಲ್ಲ. ಆವತ್ತಿನಿಂದ ಮೈಕು ಹಿಡಿಯುವವಳಾದೆ. ಇಷ್ಟನ್ನು ನಾನು ಯಾರಿಗೂ ಹೇಳಿದವಳಲ್ಲ.

ಟೇಪಿನ ಗುಂಡಿ ಒತ್ತಿ, ಕೈಯಲ್ಲಿ ಅವರೆಕಾಯಿ ಹಿಡಿದೇ ಅವಳ ಹಸೆ ಹಾಡನ್ನು ಶುರುಮಾಡಿದೆ. ಶ್ರುತಿ ತಪ್ಪಿತು, ಕೆಮ್ಮಿ ಮತ್ತೆ ಹಿಡಿದೆ. ಎರಡನೇ ನುಡಿಗೆ ಬರುವಷ್ಟರಲ್ಲಿ ಪದ ಹಿಂದುಮುಂದಾಯಿತು. ಮಲ್ಲಿಗಮ್ಮ ತಡೆದುಕೊಂಡಳು, ತಡೆದುಕೊಂಡಳು, ಕೊನೆಗೆ ಆಗಲಿಲ್ಲ. "ಅಂಗಲ್ಲ ಕಣವ್ವ" ಎಂದು ಮೊರ ಬಡಿದು ತಾನೇ ಎತ್ತಿಕೊಂಡಳು. ಅಲ್ಲಿಂದ ಕೊನೆಯವರೆಗೂ ಇಬ್ಬರೂ ಕೂಡಿಯೇ ಹಾಡಿದೆವು. ಟೇಪಿನಲ್ಲಿ ಮೊರದ ಸದ್ದಿದೆ, ಮಗಳ ಕುಕ್ಕರಿನ ಸೀಟಿಯಿದೆ. ಹೋದ ಸಲ ತನಗೆ ನೆಗಡಿಯಾಗಿತ್ತು, ಆ ಹಾಡು ಹೋದದ್ದೇ ಒಳ್ಳೆಯದಾಯಿತು ಎಂದಳು ಮಲ್ಲಿಗಮ್ಮ. ಇದನ್ನು ಮದುವೆಗೆ ಕೊಡಲೇ ಎಂದು ಕೇಳಿದೆ. ತಗೊಂಡ್ ಓಗಿ ಎಂದಳು, ಸೇರು ಅವರೆಕಾಳನ್ನೂ ಕಟ್ಟಿಕೊಟ್ಟಳು.

ನಿನ್ನೆ ಹಾಸನದಲ್ಲಿ ಹಾಡನ್ನು ಯಂತ್ರಕ್ಕೆ ತುಂಬಿಸಿದೆ. ನಿನ್ನನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ, ಬೈಯುವುದಿದ್ದರೆ ಬೈಯಿ. ಮಲ್ಲಿಗಮ್ಮನ ಹೆಸರಿನಲ್ಲೇ ಒಂದು ಫೋಲ್ಡರ್ ಮಾಡಿ ಹಾಡನ್ನು ಅದರೊಳಗೆ ಇಟ್ಟೆ. ಒಬ್ಬರನ್ನೊಬ್ಬರು ತೋರಿಸುತ್ತಿದ್ದ ನಮ್ಮ ಹಳೇ ಕೊಂಡಿಗಳನ್ನು ಅಳಿಸಿದೆ. ಅರಕಲಗೂಡಿನಲ್ಲೊಂದು, ಹೊಳೆನರಸೀಪುರದಲ್ಲೊಂದು ಹೊಸ ಕೊಂಡಿ ಹಾಕಿದೆ, ಎರಡರ ಬಾಣವೂ ಅವಳ ಕಡೆಗೇ. ಈ ಸಲ ಎರಡನ್ನೂ ತೆರೆದು ಕೇಳಿದೆ. ಆಮೇಲೂ ನಂಬಿಕೆ ಬರದೆ ಹಂಸ ಅಲ್ಲೇ ಸೀಡಿ ಬರೆಸಿಟ್ಟಳು, ಗುರುವಾರ ತೆಗೆದುಕೋ.

ಸ್ಪೀಕರಿನಲ್ಲಿ ಹಾಕಿಸುವ ಮೊದಲು ಒಂದು ಸಲ ಯೋಚಿಸು. ಅದರಲ್ಲಿರುವ ಎರಡು ಗಂಟಲೂ ನಿಮ್ಮ ಅತ್ತೆ ಮದುವೆ ಚಪ್ಪರದಲ್ಲಿ ಒಪ್ಪುವಂಥವಲ್ಲ. ಬೇಡವೆನಿಸಿದರೆ ಬಿಡು, ನನಗೆ ಬೇಸರವಿಲ್ಲ. ಬೇಸರವಿಲ್ಲ ಎಂದು ಬರೆದೆ, ಸ್ವಲ್ಪ ಆಗುತ್ತದೆ.

ನಿನ್ನ,
ಶ್ರೀರಂಗಮ್ಮ

ಅರಕಲಗೂಡು
೨೫ ಜನವರಿ ೨೦೦೪

ಅಕ್ಕ,

ಗುರುವಾರ ಹಂಸಳ ಪಕ್ಕದಲ್ಲಿ ಕೂತು ಕೇಳಿದೆ. ಮೊದಲ ಸಾಲಿಗೇ ನಿಮ್ಮ ದನಿ ಗುರುತು ಹತ್ತಿತು. ಚನ್ನರಾಯಪಟ್ಟಣದ ಶಾಲೆಯಲ್ಲಿ ಬೆಳಿಗ್ಗೆ ಪ್ರಾರ್ಥನೆ ಎತ್ತುತ್ತಿದ್ದಿರಲ್ಲ, ಅದೇ ದನಿ, ಸ್ವಲ್ಪ ಒರಟಾಗಿದೆ. ನಾನು ಅತ್ತುಬಿಟ್ಟೆ ಅಕ್ಕ, ಮುಚ್ಚುಮರೆ ಏನು? ಹಂಸಳೂ ಅತ್ತಳು, ಧೂಳಿನಿಂದ ಎಂದಳು. ಫೋಲ್ಡರಿನ ವಿಷಯಕ್ಕೆ ಬೈಗುಳವಿಲ್ಲ. ನಮ್ಮಿಬ್ಬರಿಗೂ ಬಾಣವೇ ಸರಿ.

ಸೀಡಿ ಮನೆಗೆ ತಂದು ಅತ್ತೆಗೆ ಇದ್ದದ್ದು ಇದ್ದ ಹಾಗೇ ಹೇಳಿದೆ. ಹಾಡಿದವರು ಯಾರು, ಅವರ ಹಣೆ ಹೇಗಿದೆ, ಎಲ್ಲವನ್ನೂ. ನಾಳೆ ಯಾರಿಂದಲೋ ತಿಳಿಯುವುದಕ್ಕಿಂತ ನನ್ನಿಂದಲೇ ತಿಳಿಯಲಿ ಎಂದುಕೊಂಡೆ. ಅತ್ತೆ ಎಲೆಯಡಿಕೆ ಕೆಳಗಿಟ್ಟರು.

"ಹಾಡಾಕೆ ಮುತ್ತೈದೇರು ಯಾರೂ ಸಿಗ್ನಿಲ್ವೇನಮ್ಮಿ?"

"ಸಿಕ್ಕವ್ರೆ ಅತ್ತೆ. ಯಾರ್ಗೂ ಹಾಡು ಬರಾಕಿಲ್ಲ."

ಅತ್ತೆ ಎದ್ದು ಒಳಮನೆಗೆ ಹೋದರು. ಎರಡು ದಿನ ನನ್ನ ಜೊತೆ ಯಾವ ಮಾತೂ ಇಲ್ಲ. ಇವತ್ತು ಬೆಳಿಗ್ಗೆ ನಿಸರ್ಗ ಪಕ್ಕದ ಮನೆಯಿಂದ ಸೀಡಿ ಪ್ಲೇಯರ್ ತಂದು ನಡುಮನೆಯಲ್ಲಿ ಹಾಡು ಹಾಕಿದಳು. ಅತ್ತೆ ಒಳಮನೆಯಲ್ಲಿದ್ದರು. ಹಾಡು ಮುಗಿಯಿತು, ಒಳಗಿನಿಂದ ಇನ್ನೊಂದು ಸಲ ಹಾಕು ಎಂದರು. ನಿಸರ್ಗ ಹಾಕಿದಳು. ಅರ್ಧ ಹಾಡಿಗೆ ಅತ್ತೆ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತರು. ಬೈಯುತ್ತಾರೆಂದು ನಾನು ಸೆರಗು ಬಿಗಿದು ನಿಂತೆ.

"ಮೂರ್ನೇ ನುಡಿ ತಪ್ ಹಾಡವ್ರೆ" ಎಂದರು.

ಆಮೇಲೆ ಆ ನುಡಿಯನ್ನು ತಾವೇ ಹಾಡಿ ತೋರಿಸಿದರು. ನಾನು ಈ ಮನೆಗೆ ಸೊಸೆಯಾಗಿ ಬಂದು ಮಗಳ ಮದುವೆ ಮಾಡುವಷ್ಟು ಕಾಲವಾಯಿತು, ನಮ್ಮ ಅತ್ತೆಗೆ ಹಾಡು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ನಾನು ನಿಮ್ಮ ಜೊತೆ ಊರೂರು ಅಲೆದು ಹಾಡು ಹುಡುಕುತ್ತಿದ್ದೆ, ಅವರು ಒಳಮನೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದರು. ನಾನು ಒಮ್ಮೆಯೂ ಕೇಳಿರಲಿಲ್ಲ.

ಮದುವೆಯಲ್ಲಿ ಸ್ಪೀಕರ್ ಬೇಡವೆಂದು ತೀರ್ಮಾನವಾಯಿತು. ನೀವೂ ಮಲ್ಲಿಗಮ್ಮನೂ ಬಂದು ಹಸೆಯ ಮುಂದೆ ಕೂತು ಹಾಡಬೇಕು. ಹೀಗೆಂದದ್ದು ನಾನಲ್ಲ, ಅತ್ತೆ. ನೆಂಟರು ಏನಾದರೂ ಅಂದರೆ ತಾವು ನೋಡಿಕೊಳ್ಳುತ್ತಾರಂತೆ. ಇವರಿಬ್ಬರನ್ನು ನಂಬಿದರೆ ಹಾಡು ಕೆಡುತ್ತದೆ ಎಂದು ತಾವೂ ನಿಮ್ಮ ಮಧ್ಯೆ ಕೂರುತ್ತಾರಂತೆ. ಮಲ್ಲಿಗಮ್ಮನನ್ನು ಕರೆತರುವ ಜವಾಬ್ದಾರಿ ನಿಮ್ಮದು.

ಮುಹೂರ್ತಕ್ಕೆ ಮೂರು ದಿನ ಮುಂಚೆಯೇ ಬಂದುಬಿಡಿ ಅಕ್ಕ. ಮೂರನೇ ನುಡಿ ಯಾರದು ಸರಿಯೆಂದು ನೀವು ಮೂವರೂ ಜಗಳವಾಡಿ ಮುಗಿಸಿ, ಒಂದೇ ದನಿಯಲ್ಲಿ ಕರೆದ ಮೇಲೆಯೇ ನಿಸರ್ಗ ಹಸೆಗೆ ಬರುತ್ತಾಳಂತೆ.

ನಿಮ್ಮ,
ಕಾಮಾಕ್ಷಿ